ಮದ್ದಳೆಯವರನ್ನು ಯಾಕೆ ಬಿಟ್ಟಿರಿ?

ತೀರ್ಥಹಳ್ಳಿಯ ಗೆಳೆಯರೇ,

ಸಿ.ಡಿ. ಓದುವಾಗ ಆಗುವ ಕಾಲದ ತಪ್ಪನ್ನು ಯಂತ್ರ ಹೇಗೆ ತಿದ್ದಿಕೊಳ್ಳುತ್ತದೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈ ಸಂಚಿಕೆಗೆ ಹಾಕುತ್ತಿಲ್ಲ. ಯಾಕೆಂದು ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

‘ಇಂದಿನ ಮಾಹಿತಿ ಯುಗದಲ್ಲಿ’ ಎಂದು ಶುರುವಾದ ಪೀಠಿಕೆ 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬರುವಲ್ಲಿಗೆ ತಲುಪುವಷ್ಟರಲ್ಲಿ ನನ್ನ ಕಾಫಿ ಆರಿತ್ತು. ನಿಜವಾದ ಲೇಖನ ಇರುವುದು ನಾಲ್ಕನೇ ಪುಟದಲ್ಲಿ. ಅಪ್ಪ ರೆಕಾರ್ಡ್ ಮಾಡಿಸಿಟ್ಟ ತಾಳಮದ್ದಳೆಯ ಡಿಸ್ಕನ್ನು ಆಷಾಢದ ಮಳೆಯಲ್ಲಿ ಕಪಾಟಿನಿಂದ ತೆಗೆದು, ಬೂಷ್ಟನ್ನು ಪಂಚೆಯ ಚುಂಗಿನಲ್ಲಿ ಒರೆಸಿ ಹಾಕಿದರೆ ಭಾಗವತರ ದನಿ ತುಂಡುತುಂಡಾಗಿ ಬಂತಲ್ಲ, ಅದನ್ನೇ ಮೊದಲಿಗೆ ತನ್ನಿ. (ಅಂದ ಹಾಗೆ, ಸುತ್ತ ಉಜ್ಜಬೇಡಿ. ನಡುವಿನಿಂದ ಅಂಚಿನ ಕಡೆಗೆ ನೇರ ಒರೆಸಿ.)

ಸಿ.ಡಿ. ಮೇಲೆ ಲೇಸರ್ ಓದುವ ಗುರುತುಗಳ ಬಗ್ಗೆ ‘ಗುಳಿ ಅಂದರೆ 0, ಸಮತಟ್ಟು ಅಂದರೆ 1’ ಎಂದಿದ್ದೀರಿ. ಎಷ್ಟೋ ಕಡೆ ಅಚ್ಚಾಗಿರುವ ತಪ್ಪು ಇದು. 1 ಇರುವುದು ಅಂಚಿನಲ್ಲಿ, ಗುಳಿ ಶುರುವಾಗುವಲ್ಲಿ ಮತ್ತು ಮುಗಿಯುವಲ್ಲಿ. ನಡುವಿನದೆಲ್ಲ ಸೊನ್ನೆ. ಎಷ್ಟು ಸೊನ್ನೆ ಎಂದು ಎಣಿಸಲು ಅಲ್ಲಿ ಗೆರೆ ಹಾಕಿಟ್ಟಿಲ್ಲ, ಕಾಲ ಅಳೆದೇ ತಿಳಿಯಬೇಕು. ಒಂದು ಬಿಟ್ಟಿನ, ಅಂದರೆ ಒಂದು 0 ಅಥವಾ 1ರ, ಕಾಲವನ್ನು ತಾಳದಂತೆ ಒಂದು ಮಾತ್ರೆ ಅನ್ನೋಣ; ಅದಕ್ಕೆ ಸುಮಾರು 231 ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲಿ 231 ಪಾಲು) ಅನ್ನಿ. ಅಂಚಿನಿಂದ ಅಂಚಿಗೆ ಕನಿಷ್ಠ 3, ಹೆಚ್ಚೆಂದರೆ 11 ಮಾತ್ರೆ. ಅಂಚು ಅರ್ಧ ಮಾತ್ರೆಗಿಂತ ಹೆಚ್ಚು ಸರಿಯಿತೋ, 3 ಇದ್ದದ್ದು 4 ಆಯಿತು. ಜಿಟರ್ ಅನ್ನುವುದು ಈ ಅಲುಗಾಟಕ್ಕೆ. ಇದನ್ನು ಹೇಳದೆ ಮುಂದಿನ ಒಂದು ಸಾಲೂ ಓದುಗರ ತಲೆಗೆ ಹತ್ತುವುದಿಲ್ಲ.

ಆಮೇಲೆ, ‘ಫೇಸ್ ಲಾಕ್ಡ್ ಲೂಪ್ ಗಡಿಯಾರವನ್ನು ಸರಿಪಡಿಸುತ್ತದೆ’ ಎಂದು ಒಂದೇ ಸಾಲಿಗೆ ಕೈತೊಳೆದುಕೊಂಡಿದ್ದೀರಿ. ಹೇಗೆ ಸರಿಪಡಿಸುತ್ತದೆ? ಮನೆಯಲ್ಲೇ ತಾಳಮದ್ದಳೆ ಇರುವಾಗ ಅಂಚೆಯಣ್ಣನ ಹೋಲಿಕೆ ಯಾಕೆ ಬೇಕಿತ್ತು? ಬರುವ ಅಂಚುಗಳಿಗೆ ತನ್ನ ಗಡಿಯಾರ ಹೊಂದಿಸಿಕೊಳ್ಳುವ ಆ ಸರ್ಕ್ಯೂಟನ್ನು ಮದ್ದಳೆಯವರು ಅನ್ನಿ, ಅಂಚನ್ನು ತಾಳದ ಪೆಟ್ಟು ಅನ್ನಿ. ಭಾಗವತರ ತಾಳದ ಒಂದು ಪೆಟ್ಟು ಚೂರು ಮುಂಚೆ ಬಿದ್ದರೆ ಮದ್ದಳೆಯವರು ಹಾರಿಬೀಳುವುದಿಲ್ಲ. ನಾಲ್ಕಾರು ಪೆಟ್ಟು ನೋಡಿಕೊಂಡು ತಮ್ಮ ಲಯವನ್ನು ಅಷ್ಟಷ್ಟೇ ಎಳೆದುಕೊಳ್ಳುತ್ತಾರೆ. ನಡುವೆ ಪೆಟ್ಟು ಸಿಗದಿದ್ದರೂ ಒಳಗೊಳಗೆ ಎಣಿಕೆ ನಡೆದೇ ಇರುತ್ತದೆ. ಆದರೆ ತುಂಬ ಹೊತ್ತು ಸಿಗದಿದ್ದರೆ? 11ರ ಮಿತಿ ಅದಕ್ಕೇ. 8 ಬಿಟ್ಟನ್ನು 14 ಮಾಡಿ ಬರೆಯುವುದು ಯಾಕೆ ಎಂದು ನೀವೇ ಕೇಳಿ ನೀವೇ ಮರೆತಿರಲ್ಲ, ಆ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಇನ್ನರ್ಧ, 3 ಮಾತ್ರೆಗಿಂತ ಗಿಡ್ಡ ಗುಳಿಯನ್ನು 780 ನ್ಯಾನೊಮೀಟರಿನ ಆ ಲೇಸರ್ ಸರಿಯಾಗಿ ಬಿಡಿಸಿ ನೋಡಲಾರದು.

ಕಾಲ ತಿದ್ದುವುದನ್ನೂ ಕಳೆದುಹೋದ ಬಿಟ್ ಹುಡುಕುವುದನ್ನೂ ಒಂದೇ ಗೋಣಿಗೆ ತುಂಬಬೇಡಿ. ಬೂಷ್ಟಿನ ಕಲೆಯಡಿ ಅಂಚೇ ಮುಚ್ಚಿಹೋದರೆ ಮದ್ದಳೆಯವರು ಏನು ಮಾಡಿಯಾರು? ಅದು ರೀಡ್-ಸಾಲೊಮನ್ ಲೆಕ್ಕದ ಪಾಲು, ಜೊತೆಗೆ ಬರೆದಿಟ್ಟ ಹೆಚ್ಚುವರಿ ಬಿಟ್ಟುಗಳಿಂದ ಕಳೆದದ್ದನ್ನು ಲೆಕ್ಕಹಾಕಿ ಪಡೆಯುವುದು. ಮೋಟಾರು ಸ್ವಲ್ಪ ಜಗ್ಗಿದರೂ ಹಾಡು ಜಗ್ಗದಿರುವುದು ಬೇರೆಯೇ ಕತೆ: ಓದಿದ್ದು ಮೆಮೊರಿಯಲ್ಲಿ ನಿಂತು, ಕ್ವಾರ್ಟ್ಜ್ ಗಡಿಯಾರದ ಲೆಕ್ಕಕ್ಕೆ ಸೆಕೆಂಡಿಗೆ ದನಿಯ 44,100 ಮಾದರಿಯಂತೆ (ಸ್ಯಾಂಪಲ್) ಹೊರಬೀಳುತ್ತದೆ. ನಿಮ್ಮ ಅಬ್ಬಿ ನೀರಿನ ಹೋಲಿಕೆ ಚೆನ್ನಾಗಿದೆ. ದಂಬೆಯಲ್ಲಿ ಹೇಗೇ ಬರಲಿ, ತೊಟ್ಟಿಯ ನಲ್ಲಿಯಲ್ಲಿ ಒಂದೇ ಸಮ. ಆದರೆ ಅದನ್ನು ಲೇಸರಿನ ಪಕ್ಕ ಕೂರಿಸಿದ್ದೀರಿ, ಎಬ್ಬಿಸಿ ಇಲ್ಲಿಗೆ ಕರೆತನ್ನಿ.

‘ದ್ಯುತಿ ತಟ್ಟೆ’ ಬೇಡ, ಸಿ.ಡಿ. ಅಂತಲೇ ಬರೆಯಿರಿ. ಮೂರು ಪುಟ ಸಾಕು. ದಸರೆಯೊಳಗೆ ಕಳಿಸಿ. ದನಿ ತುಂಡಾದದ್ದು ಯಾವ ಪದ್ಯದಲ್ಲಿ ಅಂತ ಎಲ್ಲೂ ಇಲ್ಲ, ಅದನ್ನೂ ಸೇರಿಸಿ.