ಸ್ಯಾಕ್ಸೊಫೋನ್ ಬಿಡಿ, ಗಿಟಾರ್ ಕೇಳಿ

‘ಗೆಟ್ಜ್/ಜಿಲ್ಬರ್ಟೊ’ ಆಲ್ಬಮ್‌ನಲ್ಲಿ ಸ್ಯಾಕ್ಸೊಫೋನೇ ಎದ್ದು ಕೇಳಿಸುತ್ತದೆ, ಇದರಲ್ಲಿ ಬ್ರೆಜಿಲ್‌ನದ್ದು ಅಂತ ಏನಿದೆ ಎಂದು ಕೇಳಿದ್ದೀರಿ. ಒಂದ್ಸಲ ಸ್ಯಾಕ್ಸೊಫೋನ್ ನುಡಿಸಿದ ಅಮೆರಿಕದ ಸ್ಟ್ಯಾನ್ ಗೆಟ್ಜ್ ಅವರನ್ನು ಮರೆತು ಬ್ರೆಜಿಲ್‌ನ ಗಾಯಕ ಜೊವಾವ್ ಜಿಲ್ಬರ್ಟೊ ಅವರ ಗಿಟಾರ್ ಮಾತ್ರ ಕೇಳಿ. ಹೆಬ್ಬೆರಳು ಬ್ರೆಜಿಲ್‌ನ ಕುಣಿತದ ಸಂಗೀತ ಸಾಂಬಾದ ದೊಡ್ಡ ಡೋಲು ಸುರ್ದುವಿನ ಹಾಗೆ ಒಂದೇ ಸಮ ನಡೆಯುತ್ತದೆ. ಉಳಿದ ಬೆರಳುಗಳು ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ತಾಳಕ್ಕಿಂತ ಚೂರು ಹಿಂದೆ ಮುಂದೆ ಹಾಕುತ್ತವೆ. ಅದು ಟಾಂಬೊರಿಂ ಎಂಬ ಪುಟ್ಟ ಚರ್ಮವಾದ್ಯದ ಕೆಲಸ. ಇಡೀ ಸಾಂಬಾ ಮೇಳ ಒಂದೇ ಕೈಯಲ್ಲಿ! ಹಾಡುವುದಂತೂ ಪಕ್ಕದಲ್ಲಿ ಕೂತು ಮಾತಾಡಿದಷ್ಟೇ ಮೆಲ್ಲಗೆ.

ಈ ಆಲ್ಬಮ್ 1963ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಧ್ವನಿಮುದ್ರಣವಾಯಿತು. ಪಿಯಾನೊ ಬ್ರೆಜಿಲ್‌ನ ಸಂಗೀತ ಸಂಯೋಜಕ ಟಾಮ್ ಜೊಬಿಂ ಅವರದು. ‘ದಿ ಗರ್ಲ್ ಫ್ರಮ್ ಇಪನೆಮಾ’ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ ಬಂದಾಗ ಜೊವಾವ್ ಹಾಡಿದ ಪೋರ್ಚುಗೀಸ್ ಭಾಗವನ್ನೇ ಕತ್ತರಿಸಿದರು, ಆಗ ಅವರ ಹೆಂಡತಿಯಾಗಿದ್ದ ಆಸ್ಟ್ರುಡ್ ಅವರ ಇಂಗ್ಲಿಷ್ ಭಾಗ ಉಳಿಯಿತು. ಅನ್ಯಾಯ ಅಲ್ವಾ? ಹಾಗಾಗಿ ಆಲ್ಬಮ್‌ನ ಉದ್ದದ ಹಾಡನ್ನೇ ಕೇಳಿ.

ಪಾಪ್ ಕಡೆಗೆ ಬೇಕಿದ್ದರೆ, 1967ರಲ್ಲಿ ಅಮೆರಿಕದ ಗಾಯಕ ಫ್ರಾಂಕ್ ಸಿನಾತ್ರಾ ಜೊಬಿಂ ಜೊತೆ ಮಾಡಿದ ಆಲ್ಬಮ್ ಇದೆ. ದೊಡ್ಡ ದನಿಯ ಮನುಷ್ಯ ಇಲ್ಲಿ ದನಿ ಪೂರ್ತಿ ತಗ್ಗಿಸಿದ್ದಾರೆ. ಬ್ರೆಜಿಲ್ ಅಂದರೆ ಬರೀ ಮೆಲುದನಿ ಅನ್ನಿಸಿದರೆ, ಅಮೆರಿಕದ ಗಾಯಕ ಪಾಲ್ ಸೈಮನ್ 1990ರ ಆಲ್ಬಮ್‌ಗೆ ಬಳಸಿದ, ಬ್ರೆಜಿಲ್‌ನ ಬಾಹಿಯಾ ರಾಜ್ಯದ ಒಲೊಡುಂ ತಂಡದ ಡೋಲು ಕೇಳಿ. ವಾಲ್ಯೂಮ್ ಜಾಸ್ತಿ ಇಟ್ಟುಕೊಳ್ಳಿ.