ಕ್ಯಾತೆಗೂ ತಕರಾರಿಗೂ ಎಷ್ಟು ದೂರ?

ಓದುಗರ ಪತ್ರ: ಕಳೆದ ಸಂಚಿಕೆಯ ಮದುವೆ ಊಟದ ಲೇಖನದಲ್ಲಿ ‘ಬೀಗರು ಕ್ಯಾತೆ ತೆಗೆದರು’ ಎಂದು ಅಚ್ಚಾಗಿದೆ. ‘ತಕರಾರು’ ಎಂಬ ಅಚ್ಚಗನ್ನಡದ ಸಭ್ಯ ಪದ ಇರುವಾಗ ಈ ಬೀದಿಮಾತು ಬೇಕಿತ್ತೇ? ಎರಡರ ಅರ್ಥವೂ ಒಂದೇ ಅಲ್ಲವೇ?

ಸಂಪಾದಕರ ಉತ್ತರ: ಒಂದೊಂದು ಪದಕ್ಕೂ ತಡೆದು ನಿಂತು ಓದುವವರು ಇನ್ನೂ ಇದ್ದಾರಲ್ಲ, ಸಂತೋಷ. ಸರ್ಕಾರಿ ಕಾಗದದಲ್ಲಿ ‘ಕ್ಯಾತೆ’ ಸಲ್ಲದು, ಅಷ್ಟು ಒಪ್ಪಿದೆ. ಆದರೆ ತಾವು ಅಚ್ಚಗನ್ನಡವೆಂದು ಮಣೆ ಹಾಕಿದ ತಕರಾರು ಅರಬ್ಬಿಯದು. ಅಲ್ಲಿ ‘ತಕ್ರಾರ್’ ಎಂದರೆ ಪುನರಾವರ್ತನೆ. ಹೇಳಿದ್ದನ್ನೇ ಹೇಳುತ್ತ ಹೋದರೆ ಜಗಳವಾಗದೆ ಇನ್ನೇನಾದೀತು? ಹಾಗೆಂದು ಅದನ್ನು ಹೊರಗಿನದೆಂದು ದೂರುತ್ತಿಲ್ಲ. ಅರ್ಜಿ, ವಕೀಲರ ಸಾಲಿನಲ್ಲಿ ಅದೂ ನಮ್ಮದೇ.

ಅರ್ಥ ಒಂದೇ ಎಂಬುದನ್ನು ಮಾತ್ರ ಒಪ್ಪಲಾರೆ. ಜೊತೆಗೆ ಬರುವ ಕ್ರಿಯಾಪದ ಹಚ್ಚಿ ನೋಡಿ. ತಕರಾರನ್ನು ತೆಗೆಯಬಹುದು, ಎತ್ತಬಹುದು, ತಹಶೀಲ್ದಾರರಿಗೆ ಸಲ್ಲಿಸಬಹುದು, ಇತ್ಯರ್ಥ ಮಾಡಿಸಲೂಬಹುದು. ‘ಕ್ಯಾತೆ ಸಲ್ಲಿಸಿದರು’ ಎಂದರೆ ನಗು ಬರುತ್ತದೆ. ಅದನ್ನು ತೆಗೆಯುವುದಷ್ಟೇ, ಅದೂ ಇಲ್ಲದ ಕಡೆಯಿಂದ. ಖಾತೆ ಬದಲಾವಣೆಗೆ ಅಣ್ಣ ಅರ್ಜಿ ಹಾಕಿದಾಗ ‘ಪಾಲೇ ಆಗಿಲ್ಲ’ ಎಂದು ತಮ್ಮ ಬರೆದುಕೊಟ್ಟರೆ ತಕರಾರು. ಪಾಲಾಗಿ, ಸಹಿ ಬಿದ್ದು, ಬೇಲಿಯೂ ಎದ್ದ ಮೇಲೆ ‘ನಿನ್ನ ತೆಂಗಿನ ನೆರಳು ನನ್ನ ಅಂಗಳಕ್ಕೆ ಬೀಳುತ್ತೆ’ ಎಂದರೆ ಕ್ಯಾತೆ. ತಕರಾರಿಗೆ ಉತ್ತರ ಕೊಟ್ಟು ಮುಗಿಸಬಹುದು. ಕ್ಯಾತೆಗೆ ಉತ್ತರ ಕೊಟ್ಟರೆ ಇನ್ನೊಂದು ಹುಟ್ಟುತ್ತದೆ: ಪಾಯಸಕ್ಕೆ ದ್ರಾಕ್ಷಿ ಹಾಕಿಸಿದಿರೋ, ಬೀಗರಿಗೆ ಗೋಡಂಬಿ ನೆನಪಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದದ್ದೂ ಕ್ಯಾತೆಯೇ.

ಇಷ್ಟಾಗಿ ಕ್ಯಾತೆ ಒಬ್ಬರ ಕೆಲಸ. ಎದುರಿನವರೂ ಇಳಿದರೆ ಅದು ಕಿತ್ತಾಟ. ಕಚ್ಚಾಟ, ಗುದ್ದಾಟ, ಎಳೆದಾಟಗಳಲ್ಲಿ ಇರುವಂತೆ ಇಲ್ಲೂ ‘ಆಡು’ ಇದೆ. ಆಟಕ್ಕೆ ಇಬ್ಬರು ಬೇಕು. ಗಂಡ ಹೆಂಡಿರದು ಜಗಳ, ಉಂಡು ಮಲಗುವ ತನಕ. ಆ ಗಾದೆಯಲ್ಲಿ ‘ತಕರಾರು’ ಕೂರಿಸಿ ನೋಡಿ, ನಡುಮನೆಗೆ ವಕೀಲರು ಬಂದ ಹಾಗಾಗುತ್ತದೆ. ಮಗು ಚಕ್ಕುಲಿಗೆ ಹಟ ಹಿಡಿದರೆ ರಗಳೆ. (ಹರಿಹರ ಶರಣರ ಕಥೆ ಹೇಳಿದ ಛಂದಸ್ಸಿಗೂ ಅದೇ ಹೆಸರು, ಅವನ ಮೇಲೆ ಯಾರೂ ಕ್ಯಾತೆ ತೆಗೆಯಬೇಡಿ.)

ತಮ್ಮ ಸಿಟ್ಟು ತಿರುಗಬೇಕಾದದ್ದು ಬೇರೆ ಕಡೆ. ‘ಕಾವೇರಿ: ತಮಿಳುನಾಡು ಮತ್ತೆ ಕ್ಯಾತೆ’ ಎಂಬ ಧಾಟಿಯ ತಲೆಬರಹ ಕಾಣದ ಕನ್ನಡಿಗರುಂಟೇ? 1990ರಲ್ಲಿ ನ್ಯಾಯಮಂಡಳಿ ರಚನೆಯಾಗಿ, 2007ರಲ್ಲಿ ಐತೀರ್ಪು ಬಂದು, 2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕ ಬಿಡಬೇಕಾದ ನೀರನ್ನು 192ರಿಂದ 177.25 ಟಿಎಂಸಿಗೆ ಇಳಿಸಿದ ಸಂಗತಿ ಅದು. ಅದಕ್ಕೆ ವ್ಯಾಜ್ಯವೆಂದು ಹೆಸರು. ಕ್ಯಾತೆ ಎಂದೊಡನೆ ಎದುರಿನವರ ಬಳಿ ಕಾರಣವೇ ಇಲ್ಲ ಎಂದು ಉಪಸಂಪಾದಕರೇ ತೀರ್ಪು ಕೊಟ್ಟಂತೆ. ಜಾಗ ಸಾಲದು ಎಂಬ ಸಬೂಬೂ ನಡೆಯದು, ವ್ಯಾಜ್ಯಕ್ಕೂ ಎರಡೇ ಅಕ್ಷರ. ಅತ್ತ ಬೀದಿ ನಲ್ಲಿಯಲ್ಲಿ ಎರಡು ಕೊಡ ತಾಗಿದರೆ ಮಾತ್ರ ‘ಸಂಘರ್ಷ’! ಹಗುರವಾದದ್ದಕ್ಕೆ ಸಂಸ್ಕೃತದ ಪೇಟ, ಭಾರವಾದದ್ದಕ್ಕೆ ಬೀಗರೂಟದ ಮಾತು. ಉಳಿದ ಜಗಳಗಳನ್ನೆಲ್ಲ ‘ಕಿರಿಕ್’ ಒಂದೇ ನುಂಗಿ ಕೂತಿದೆ.

ಆದ್ದರಿಂದ ‘ಬೀಗರು ಕ್ಯಾತೆ ತೆಗೆದರು’ ಎಂಬುದನ್ನು ತಿದ್ದುತ್ತಿಲ್ಲ. ತಾವು ಕಾರಣ ಕೊಟ್ಟು ಬರೆದಿರುವುದರಿಂದ ತಮ್ಮ ಪತ್ರವನ್ನು ಮಾತ್ರ ತಕರಾರು ಎಂದೇ ದಾಖಲಿಸಿಕೊಂಡಿದ್ದೇವೆ.