ತೀರ್ಪಿನಲ್ಲಿ ಮನೆ ನನ್ನದು, ಬ್ಯಾಂಕಿನಲ್ಲಿ ಸಾಲ ಇಬ್ಬರದು

ಪ್ರಶ್ನೆ: ಮಾನ್ಯರೇ, ನಾನು ಗುಬ್ಬಿ ತಾಲ್ಲೂಕಿನ ಶಾಲೆಯೊಂದರಲ್ಲಿ ಶಿಕ್ಷಕಿ. 2018ರಲ್ಲಿ ನಾವು ದಂಪತಿ ಜಂಟಿಯಾಗಿ ಗೃಹಸಾಲ ಪಡೆದು ತುಮಕೂರಿನ ಬಟವಾಡಿಯಲ್ಲಿ ಇಬ್ಬರ ಹೆಸರಿಗೂ ಮನೆ ಕೊಂಡೆವು. ಕಳೆದ ವರ್ಷ ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನವಾಯಿತು. ಮನೆಯೂ ಉಳಿದ ಸಾಲವೂ ನನ್ನದೆಂದು ರಾಜಿಪತ್ರದಲ್ಲಿದೆ. ಕಂತನ್ನು ನಾನೇ ಕಟ್ಟುತ್ತಿದ್ದೇನೆ. ಆದರೂ ಪ್ರತಿ ತಿಂಗಳು ಕಂತಿನ ಸಂದೇಶ ಅವರ ಮೊಬೈಲಿಗೇ ಹೋಗುತ್ತದೆ. ತೀರ್ಪಿನ ಪ್ರತಿ ಕೊಟ್ಟರೂ ಬ್ಯಾಂಕಿನವರು ಅವರ ಹೆಸರು ತೆಗೆಯುತ್ತಿಲ್ಲ. ಏನು ಮಾಡಲಿ?
— ಹೆಸರು ಬೇಡ, ತುಮಕೂರು

ಉತ್ತರ: ಸೋದರಿ, ನಿಮ್ಮ ಬೇಸರ ನ್ಯಾಯವಾದದ್ದೇ, ಆದರೆ ಬ್ಯಾಂಕಿನವರ ಮಾತಿಗೂ ಕಾನೂನಿನ ಆಧಾರವಿದೆ. ವಿಚ್ಛೇದನದ ಅರ್ಜಿಯಲ್ಲಿ ಬ್ಯಾಂಕು ಪಕ್ಷಗಾರನಾಗಿರಲಿಲ್ಲವಾದ್ದರಿಂದ, ಅಲ್ಲಿ ಆದ ರಾಜಿಗೆ ನೀವಿಬ್ಬರು ಬದ್ಧರೇ ಹೊರತು ಸಾಲ ಕೊಟ್ಟವರಲ್ಲ. 1872ರ ಕರಾರು ಅಧಿನಿಯಮದ 43ನೇ ಕಲಮಿನಂತೆ ಜಂಟಿ ಸಾಲಗಾರರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಬಾಕಿಯನ್ನು ಕೇಳಬಹುದು. ಕಂತು ತಪ್ಪಿದರೆ ಸಿಬಿಲ್ ಅಂಕ ಇಳಿಯುವುದು ಇಬ್ಬರದೂ. ಹೀಗಾಗಿ ಹೆಸರು ತೆಗೆಸುವುದು ಅವರಿಗೂ ಅಷ್ಟೇ ಅಗತ್ಯ. ಈ ಮಾತನ್ನು ಅವರಿಗೆ ತಿಳಿಸಿದರೆ ಸಹಿ ಪಡೆಯುವುದು ಸುಲಭವಾದೀತು.

ಸಾಲದ ಖಾತೆಯಲ್ಲಿರುವ ಹೆಸರು ಬೇರೆ, ಕ್ರಯಪತ್ರದಲ್ಲಿರುವ ಹೆಸರು ಬೇರೆ ಎಂಬುದನ್ನು ದಯವಿಟ್ಟು ಗಮನಿಸಿ. ಮೊದಲನೆಯದಕ್ಕೆ ಬ್ಯಾಂಕು ನಿಮ್ಮೊಬ್ಬರ ಸಂಬಳದಿಂದ ಸಾಲ ತೀರೀತೇ ಎಂದು ಹೊಸದಾಗಿ ಪರಿಶೀಲಿಸುತ್ತದೆ. ಸಂಬಳದ ಚೀಟಿ, ಫಾರಂ 16, ತೀರ್ಪಿನ ದೃಢೀಕೃತ ನಕಲಿನೊಂದಿಗೆ ಇಬ್ಬರ ಸಹಿಯುಳ್ಳ ಅರ್ಜಿ ಕೊಡಿ. ಸಂಬಳ ಸಾಲದೆಂದರೆ ಅಸಲಿನ ಒಂದು ಭಾಗವನ್ನು ಮುಂಗಡವಾಗಿ ತೀರಿಸುವ, ಇಲ್ಲವೇ ತಂದೆ ಅಥವಾ ತಾಯಿಯನ್ನು ಸಹಸಾಲಗಾರರಾಗಿ ಸೇರಿಸುವ ದಾರಿಯನ್ನು ಕೇಳಿ ನೋಡಿ. ಒಪ್ಪದಿದ್ದರೆ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಬಹುದು. ಬದಲಾಗುವ ಬಡ್ಡಿದರದ ವೈಯಕ್ತಿಕ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ.

ಎರಡನೆಯದಕ್ಕೆ, ಅಂದರೆ ಸ್ವತ್ತಿನಲ್ಲಿ ಅವರಿಗಿರುವ ಪಾಲಿಗೆ, ಸಾಮಾನ್ಯವಾಗಿ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕಾಗುತ್ತದೆ. ತೀರ್ಪು ಹಕ್ಕನ್ನು ನೇರವಾಗಿ ನಿಮಗೆ ಕೊಟ್ಟಿದೆಯೋ, ಮುಂದೆ ಬರೆದುಕೊಡುವುದಾಗಿ ಅವರು ಒಪ್ಪಿದ್ದಾರೆಂದಷ್ಟೇ ಹೇಳಿದೆಯೋ ಎಂಬ ಒಂದು ಸಾಲಿನ ಮೇಲೆ ಬಹಳಷ್ಟು ನಿಂತಿರುವುದರಿಂದ, ಅದನ್ನು ವಕೀಲರಿಗೆ ತೋರಿಸದೆ ಮುಂದುವರಿಯಬೇಡಿ. ಗಂಡ ಹೆಂಡತಿಯೆಂಬ ಸಂಬಂಧ ಮುಗಿದಿರುವುದರಿಂದ ಕುಟುಂಬದವರಿಗಿರುವ ಮುದ್ರಾಂಕ ಶುಲ್ಕದ ರಿಯಾಯಿತಿಯನ್ನು ನೆಚ್ಚಿಕೊಳ್ಳದೆ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮೊದಲೇ ಲೆಕ್ಕ ಹಾಕಿಸಿ. ಬರೆದುಕೊಡಲು ಅವರು ಹಿಂದೆಗೆದರೆ ತೀರ್ಪಿನ ಜಾರಿಗಾಗಿ ನ್ಯಾಯಾಲಯಕ್ಕೆ ಅಮಲ್ಜಾರಿ ಅರ್ಜಿ ಹಾಕಬಹುದು.

ಜನ ಎಡವುವುದು ಈ ಎರಡರ ಅನುಕ್ರಮದಲ್ಲಿ. ಅವರು ಸಾಲದಿಂದ ಬಿಡುಗಡೆಯಾಗಿ ಮನೆಯಲ್ಲಿ ಪಾಲು ಮಾತ್ರ ಉಳಿದರೆ ನಿಮಗೆ ನಷ್ಟ. ಪಾಲು ಬಿಟ್ಟುಕೊಟ್ಟ ಮೇಲೂ ಸಾಲ ಅವರ ತಲೆಯ ಮೇಲಿದ್ದರೆ ಅವರಿಗೆ ಅನ್ಯಾಯ. ಆದ್ದರಿಂದ ಬ್ಯಾಂಕಿನ ಲಿಖಿತ ಮಂಜೂರಾತಿಯೂ ನಿರಾಕ್ಷೇಪಣಾ ಪತ್ರವೂ ಕೈಸೇರಿದ ಬಳಿಕವೇ ನೋಂದಣಿಗೆ ದಿನ ಗೊತ್ತುಮಾಡಿ, ಅದರ ಬೆನ್ನಿಗೇ ಹೊಸ ಸಾಲದ ಕರಾರಿಗೆ ಸಹಿ ಮಾಡಿ. ಅವರನ್ನು ಹೊಣೆಯಿಂದ ಬಿಡಲಾಗಿದೆ ಎಂಬ ಪತ್ರವನ್ನು ಬ್ಯಾಂಕಿನಿಂದ ಕೇಳಿ ಪಡೆಯಿರಿ. ನಂತರ ಮಹಾನಗರ ಪಾಲಿಕೆಯಲ್ಲಿ ಇ-ಖಾತಾ ನಿಮ್ಮ ಹೆಸರಿಗೆ ಮಾಡಿಸಿ, ಹೊಸ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಅದರಲ್ಲಿ ಬಿಡುಗಡೆ ಪತ್ರ ನಮೂದಾಗಿದೆಯೇ ನೋಡಿ.

ಅಲ್ಲಿಯವರೆಗೆ ಕಂತು ನಿಮ್ಮ ಖಾತೆಯಿಂದಲೇ ಹೋಗಲಿ; ನಿಮ್ಮ ಮೊಬೈಲ್ ಸಂಖ್ಯೆಯನ್ನೂ ಸಾಲದ ಖಾತೆಗೆ ಸೇರಿಸಲು ಈ ವಾರವೇ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.